ಡೀಬಗರ್ ಸರಿಯಾದ ಜಾಗದಲ್ಲೇ ನಿಂತಿತಾ? ಸ್ಟೆಪ್ ಕಮಾಂಡ್‌ಗಳಿಗೆ ನಾನು ಟೆಸ್ಟ್ ಬರೆದ ಬಗೆ

ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಒಳಗೆ ಏನಾಗುತ್ತಿದೆ ಅಂತ ನೋಡುವ ಸಾಧನ ಡೀಬಗರ್. ಅದನ್ನು ತೆರೆದು ಕೂತರೆ ನಾವು ಮತ್ತೆ ಮತ್ತೆ ಒತ್ತುವುದು ಮೂರು ಬಟನ್: ಸ್ಟೆಪ್ ಓವರ್ (ಕರೆದ ಫಂಕ್ಷನ್ ಒಳಗೆ ಇಳಿಯದೆ ಮುಂದಿನ ಸಾಲಿಗೆ), ಸ್ಟೆಪ್ ಇನ್ (ಕರೆದ ಫಂಕ್ಷನ್ ಒಳಗೆ), ಸ್ಟೆಪ್ ಔಟ್ (ಈಗಿನ ಫಂಕ್ಷನ್ ಮುಗಿಸಿ ಹೊರಗೆ). ಜಿಡಿಬಿ ಅನ್ನುವ ಡೀಬಗರ್‌ನಲ್ಲಾದರೆ ನೆಕ್ಸ್ಟ್, ಸ್ಟೆಪ್, ಫಿನಿಶ್. ಒಂದು ಸಾಲು ಮುಂದೆ ಹೋಗು ಅನ್ನುವುದು ನಮಗೆ ತೀರಾ ಸುಲಭದ ಮಾತು. ಆದರೆ ಪ್ರೊಸೆಸರ್‌ಗೆ ಸಾಲು ಅಂದರೇನು ಅಂತಲೇ ಗೊತ್ತಿಲ್ಲ. ಅದು ನೋಡುವುದು ಇನ್‌ಸ್ಟ್ರಕ್ಷನ್‌ಗಳನ್ನು, ಅಂದರೆ ಮಷಿನ್ ಭಾಷೆಯ ಪುಟ್ಟ ಪುಟ್ಟ ಆದೇಶಗಳನ್ನು ಮಾತ್ರ. ಇನ್‌ಸ್ಟ್ರಕ್ಷನ್‌ನಿಂದ ಸಾಲಿಗೆ ಬರುವ ದಾರಿಯನ್ನು ಡೀಬಗರ್ ತಾನೇ ಕಂಡುಕೊಳ್ಳಬೇಕು. ಎಡವುವುದೂ ಅಲ್ಲೇ.

ಲಿನಕ್ಸ್‌ನಲ್ಲಿ ಸಿ ಪ್ರೋಗ್ರಾಮ್‌ಗಳಿಗಾಗಿ ನಾನೊಂದು ಚಿಕ್ಕ ಡೀಬಗರ್ ಬರೆದಿದ್ದೇನೆ. ಎಕ್ಸ್86-64 ಪ್ರೊಸೆಸರ್‌ಗೆ ಮಾತ್ರ. ಅದರ ಸ್ಟೆಪ್ ಕಮಾಂಡ್‌ಗಳನ್ನು ಕೈಯಲ್ಲಿ ಒತ್ತಿ ಪರೀಕ್ಷೆ ಮಾಡುವುದು ಬಿಟ್ಟು, ತಾವಾಗೇ ಓಡುವ ಟೆಸ್ಟ್‌ಗಳನ್ನು ಕಟ್ಟಿದೆ. ಅದರಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಸ್ಟೆಪ್ ಓವರ್ ಒಳಗೆ ಏನಾಗುತ್ತದೆ ಅನ್ನುವುದು ಚುಟುಕಾಗಿ. ಕಂಪೈಲರ್ ಡೀಬಗರ್‌ಗಾಗಿ ಬರೆದಿಟ್ಟ ಡ್ವಾರ್ಫ್ ಅನ್ನುವ ಮಾಹಿತಿಯಲ್ಲಿ ಲೈನ್ ಟೇಬಲ್ ಇರುತ್ತದೆ. ಯಾವ ಅಡ್ರೆಸ್ ಯಾವ ಸಾಲಿಗೆ ಸೇರಿದ್ದು ಅಂತ ಅದು ಹೇಳುತ್ತದೆ. ಡೀಬಗರ್ ಈಗಿನ ಸಾಲಿನ ಅಡ್ರೆಸ್‌ಗಳ ವ್ಯಾಪ್ತಿ ಹುಡುಕಿ, ಅದರಿಂದ ಹೊರಗೆ ಬರುವ ತನಕ ಒಂದೊಂದೇ ಇನ್‌ಸ್ಟ್ರಕ್ಷನ್ ಓಡಿಸುತ್ತದೆ. ಒಂದು ಪ್ರೋಗ್ರಾಮ್ ಇನ್ನೊಂದನ್ನು ಹತೋಟಿಯಲ್ಲಿ ಇಡಲು ಲಿನಕ್ಸ್ ಕೊಡುವ ಪಿಟ್ರೇಸ್‌ನಲ್ಲಿ ಇದಕ್ಕೆ ಸಿಂಗಲ್‌ಸ್ಟೆಪ್ ಇದೆ. ನಡುವೆ ಬೇರೆ ಫಂಕ್ಷನ್‌ಗೆ ಕಾಲ್ ಬಂದರೆ, ಅದರ ಒಳಗೆಲ್ಲ ಹೀಗೆ ನಡೆದರೆ ಕೆಲಸ ಮುಗಿಯುವುದೇ ಇಲ್ಲ. ಹಾಗಾಗಿ ರಿಟರ್ನ್ ಅಡ್ರೆಸ್‌ನಲ್ಲಿ (ಫಂಕ್ಷನ್ ಮುಗಿದ ಮೇಲೆ ವಾಪಸ್ ಬರುವ ಜಾಗ) ತಾತ್ಕಾಲಿಕ ಬ್ರೇಕ್‌ಪಾಯಿಂಟ್, ಅಂದರೆ ಇಲ್ಲಿ ನಿಲ್ಲು ಅನ್ನುವ ಗುರುತು ಇಟ್ಟು, ಪ್ರೋಗ್ರಾಮನ್ನು ಪೂರ್ತಿ ವೇಗದಲ್ಲಿ ಬಿಟ್ಟು, ವಾಪಸ್ ಬಂದಾಗ ಹಿಡಿಯುತ್ತದೆ.

ಈಗ ಟೆಸ್ಟ್ ವಿಷಯಕ್ಕೆ ಬರೋಣ. ಎಲ್ಲರಿಗೂ ಮೊದಲು ಹೊಳೆಯುವ ದಾರಿ ಒಂದಿದೆ. ಡೀಬಗರ್ ಓಡಿಸು, ಅದು ಕೊಟ್ಟ ಔಟ್‌ಪುಟ್ ಫೈಲಿನಲ್ಲಿ ಇಟ್ಟುಕೋ, ನಾಳೆ ಮತ್ತೆ ಓಡಿಸಿ ಹೋಲಿಸು. ನಾನು ಈ ದಾರಿ ಹಿಡಿಯಲಿಲ್ಲ. ವಿದ್ಯಾರ್ಥಿ ಬರೆದ ಉತ್ತರವನ್ನೇ ಇಟ್ಟುಕೊಂಡು ಅವನ ಪೇಪರ್ ತಿದ್ದಿದ ಹಾಗೆ ಇದು. ಇವತ್ತು ಡೀಬಗರ್ ತಪ್ಪು ಸಾಲಲ್ಲಿ ನಿಂತರೆ, ಆ ತಪ್ಪೇ ಸರಿ ಉತ್ತರವಾಗಿ ಫೈಲಿನಲ್ಲಿ ಕೂತುಬಿಡುತ್ತದೆ. ಸರಿಯಾದ ಉತ್ತರ ಬರಬೇಕಾದ್ದು ಸೋರ್ಸ್ ಕೋಡ್‌ನಿಂದ. ಕೋಡ್ ಓದುವ ಮನುಷ್ಯ ಇಲ್ಲಿಂದ ಮುಂದೆ ಎಲ್ಲಿ ನಿಲ್ಲಬೇಕು ಅಂತ ಹೇಳುತ್ತಾನೋ, ಅಲ್ಲೇ ಡೀಬಗರ್ ನಿಲ್ಲಬೇಕು.

ಅದಕ್ಕೆ ನನ್ನ ಟೆಸ್ಟ್ ಪ್ರೋಗ್ರಾಮ್‌ಗಳಲ್ಲಿ ಮುಖ್ಯವಾದ ಪ್ರತಿ ಸಾಲಿನ ಪಕ್ಕ ಒಂದು ಕಾಮೆಂಟ್ ಇರುತ್ತದೆ. ಅದರಲ್ಲಿ ಆ ಜಾಗಕ್ಕೆ ಒಂದು ಹೆಸರು. "ಕರೆಯುವ ಸಾಲು", "ಕರೆದ ಮೇಲೆ", "ಒಳಗಿನ ಮೊದಲ ಸಾಲು" ಹೀಗೆ. ಟೆಸ್ಟ್ ಬರೆಯುವಾಗ ಸಾಲಿನ ನಂಬರ್ ಎಲ್ಲೂ ಹಾಕುವುದಿಲ್ಲ. "ಕರೆಯುವ ಸಾಲಿನಿಂದ ಸ್ಟೆಪ್ ಓವರ್ ಮಾಡಿದರೆ ಕರೆದ ಮೇಲೆ ನಿಲ್ಲಬೇಕು" ಅಂತ ಹೇಳಿದರೆ ಸಾಕು, ಕಾಮೆಂಟ್ ಹುಡುಕಿ ನಂಬರ್ ಕಂಡುಹಿಡಿಯುವ ಕೆಲಸ ಸ್ಕ್ರಿಪ್ಟ್‌ನದು. ಜಿಡಿಬಿಯ ಟೆಸ್ಟ್‌ಗಳಲ್ಲೂ ಎಲ್‌ಎಲ್‌ಡಿಬಿ ಅನ್ನುವ ಇನ್ನೊಂದು ಡೀಬಗರ್‌ನ ಟೆಸ್ಟ್‌ಗಳಲ್ಲೂ ಇದೇ ಪದ್ಧತಿ ಇದೆ, ನಾನು ಅಲ್ಲಿಂದಲೇ ತೆಗೆದುಕೊಂಡೆ. ಮೇಲೆ ಯಾರಾದರೂ ಒಂದು ಸಾಲು ಸೇರಿಸಿದರೂ ಟೆಸ್ಟ್ ಮುರಿಯುವುದಿಲ್ಲ.

ಆದರೆ ಸಾಲು ಒಂದನ್ನೇ ನೋಡಿದರೆ ಸಾಲದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಫ್ಯಾಕ್ಟೋರಿಯಲ್ ಲೆಕ್ಕ ಹಾಕುವ ರಿಕರ್ಸಿವ್ (ತನ್ನನ್ನೇ ಕರೆಯುವ) ಫಂಕ್ಷನ್ ತೆಗೆದುಕೊಳ್ಳಿ. ಎನ್ 1 ಆದರೆ 1 ವಾಪಸ್. ಇಲ್ಲದಿದ್ದರೆ ಒಂದು ಸಾಲಿನಲ್ಲಿ ತನ್ನನ್ನೇ ಎನ್-1 ಕೊಟ್ಟು ಕರೆದು, ಬಂದ ಉತ್ತರವನ್ನು ಆರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಮುಂದಿನ ಸಾಲಿನಲ್ಲಿ ಎನ್ ಗುಣಿಸು ಆರ್ ಅನ್ನು ವಾಪಸ್ ಕೊಡುತ್ತದೆ. ಎನ್ 5 ಇರುವಾಗ ಕರೆಯುವ ಸಾಲಲ್ಲಿ ನಿಂತಿದ್ದೇವೆ. ಸ್ಟೆಪ್ ಓವರ್ ಒತ್ತುತ್ತೇವೆ. ಡೀಬಗರ್ ರಿಟರ್ನ್ ಅಡ್ರೆಸ್‌ನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ಓಡಿಸುತ್ತದೆ. ಒಳಗೆ 4, 3, 2, 1 ಅಂತ ಕರೆಗಳು ಇಳಿಯುತ್ತಾ ಹೋಗುತ್ತವೆ. ಮೊದಲು ವಾಪಸ್ ಬರುವುದು ಎನ್ 1 ಇರುವ ಕರೆ. ಅದು ವಾಪಸ್ ಬರುವುದು ಎನ್ 2 ಇರುವ ಫ್ರೇಮ್‌ಗೆ (ಪ್ರತಿ ಕರೆಗೂ ಸ್ಟ್ಯಾಕ್ ಅನ್ನುವ ಮೆಮೊರಿಯಲ್ಲಿ ಸಿಗುವ ಅದರದೇ ಜಾಗ ಫ್ರೇಮ್). ಅದರ ರಿಟರ್ನ್ ಅಡ್ರೆಸ್ ಕೂಡ ಅದೇ ಅಡ್ರೆಸ್! ಬ್ರೇಕ್‌ಪಾಯಿಂಟ್ ಹೊಡೆಯುತ್ತದೆ. ಬರೀ ಅಡ್ರೆಸ್ ನೋಡುವ ಡೀಬಗರ್ "ಬಂತು" ಅಂದುಕೊಂಡು ಮುಂದಿನ ಸಾಲಿಗೆ ನಡೆದು ನಿಲ್ಲುತ್ತದೆ.

ಈಗ ಟೆಸ್ಟ್ ಏನು ನೋಡುತ್ತದೆ? ಫೈಲು ಸರಿ. ಫಂಕ್ಷನ್ ಸರಿ. ಸಾಲು ಸರಿ. ಎಲ್ಲ ಪಾಸ್. ಆದರೆ ಎನ್ ಕೇಳಿ ನೋಡಿ, 2 ಅನ್ನುತ್ತದೆ. ಇರಬೇಕಾದ್ದು 5. ಆರ್ 24 ಇರಬೇಕಾದಲ್ಲಿ 1 ಇದೆ. ಇಷ್ಟು ದೊಡ್ಡ ತಪ್ಪು ಸಾಲಿನ ನಂಬರ್ ನೋಡುವ ಟೆಸ್ಟ್‌ಗೆ ಕಾಣುವುದೇ ಇಲ್ಲ.

ಬ್ರೇಕ್‌ಪಾಯಿಂಟ್ ಹೊಡೆದಾಗ ಸ್ಟ್ಯಾಕ್ ಫ್ರೇಮ್ ಕೂಡ ನಾವು ಹೊರಟದ್ದೇ ಹೌದಾ ಅಂತ ನೋಡಿ, ಅಲ್ಲದಿದ್ದರೆ ಸುಮ್ನೆ ಮುಂದೆ ಓಡಿಸುವುದು ಇದಕ್ಕೆ ಪರಿಹಾರ. ಜಿಡಿಬಿ ಪ್ರತಿ ಫ್ರೇಮ್‌ಗೆ ಒಂದು ಗುರುತು ಇಟ್ಟುಕೊಂಡು ಹೋಲಿಸುವುದು ಇದಕ್ಕೇ. ನನ್ನ ಟೆಸ್ಟ್‌ಗಳಲ್ಲಿ ಈಗ ಪ್ರತಿ ನಿಲುಗಡೆಯಲ್ಲೂ ಸಾಲಿನ ಜೊತೆ ಸ್ಟ್ಯಾಕ್‌ನ ಆಳ, ಕನಿಷ್ಠ ಒಂದು ವೇರಿಯಬಲ್‌ನ ಬೆಲೆ, ನಿಂತ ಕಾರಣ ಮೂರನ್ನೂ ಕೇಳುತ್ತೇನೆ. ಕಾರಣ ಯಾಕೆ ಅಂದರೆ, ಸ್ಟೆಪ್ ಮುಗಿದು ನಿಂತದ್ದೂ ಅದೇ ಸಾಲಿನಲ್ಲಿದ್ದ ಹಳೆಯ ಬ್ರೇಕ್‌ಪಾಯಿಂಟ್‌ಗೆ ತಾಗಿ ನಿಂತದ್ದೂ ಹೊರಗಿನಿಂದ ಒಂದೇ ಥರ ಕಾಣುತ್ತದೆ, ಅಲ್ವಾ? ಇಂಥ ಟೆಸ್ಟ್ ಬರೆದ ಮೇಲೆ ನಾನು ಫ್ರೇಮ್ ಹೋಲಿಸುವ ಸಾಲನ್ನು ಡೀಬಗರ್‌ನಿಂದ ಬೇಕೆಂದೇ ತೆಗೆದು ಓಡಿಸುತ್ತೇನೆ. ಟೆಸ್ಟ್ ಫೇಲ್ ಆಗಲೇಬೇಕು. ಆಗದಿದ್ದರೆ ಆ ಟೆಸ್ಟ್ ಇದ್ದೂ ಇಲ್ಲದ ಹಾಗೆ.

ಸ್ಟೆಪ್ ಇನ್‌ಗೆ ಆರ್ಗ್ಯುಮೆಂಟ್‌ನ (ಫಂಕ್ಷನ್ ಕರೆಯುವಾಗ ಕೊಟ್ಟದ್ದು) ಬೆಲೆ ಕೇಳುವುದು ತುಂಬ ಉಪಯುಕ್ತ. ಫಂಕ್ಷನ್ ಶುರುವಿನಲ್ಲಿ ಸ್ಟ್ಯಾಕ್ ಸಿದ್ಧ ಮಾಡುವ ಕೆಲವು ಇನ್‌ಸ್ಟ್ರಕ್ಷನ್ ಇರುತ್ತವೆ. ಆಪ್ಟಿಮೈಸ್ ಮಾಡದ (ಕಂಪೈಲರ್ ವೇಗಕ್ಕಾಗಿ ತಿರುಚದ) ಕೋಡ್‌ನಲ್ಲಿ ಅವು ಮುಗಿಯುವ ಮೊದಲೇ ಡೀಬಗರ್ ನಿಂತರೆ ಆರ್ಗ್ಯುಮೆಂಟ್‌ಗಳಲ್ಲಿ ಕಸ ಕಾಣುತ್ತದೆ. ಬೆಲೆ ಸರಿ ಇದ್ದರೆ ನಿಂತ ಜಾಗವೂ ಸರಿ ಅಂತ ಧೈರ್ಯ ಬರುತ್ತದೆ.

ಸ್ಟೆಪ್ ಔಟ್ ಬೇರೆಯದೇ ತಲೆನೋವು. ಕರೆದ ಫಂಕ್ಷನ್‌ನ ಉತ್ತರವನ್ನು ಆರ್‌ನಲ್ಲಿ ಇಡಬೇಕಾದರೆ, ವಾಪಸ್ ಬಂದ ಮೇಲೂ ಕರೆದ ಸಾಲಿನ ಕೆಲಸ ಇನ್ನೂ ಬಾಕಿ ಇರುತ್ತದೆ. ಹಾಗಾಗಿ ಅದೇ ಸಾಲಿನ ನಡುವೆ ನಿಲ್ಲುತ್ತೇವೆ. ಉತ್ತರ ಬೇಡದ ಫಂಕ್ಷನ್ ಆದರೆ ಕಾಲ್ ಇನ್‌ಸ್ಟ್ರಕ್ಷನ್ನೇ ಆ ಸಾಲಿನ ಕೊನೆಯದಾಗಿರಬಹುದು. ಆಗ ರಿಟರ್ನ್ ಅಡ್ರೆಸ್ ಮುಂದಿನ ಸಾಲಿಗೆ ಸೇರಿರುತ್ತದೆ. ಎರಡೂ ಸರಿಯೇ. ಪ್ರೊಸೆಸರ್ ಬದಲಾದರೂ ಇದು ಬದಲಾಗುತ್ತದೆ. ಜಿಡಿಬಿಯ ಟೆಸ್ಟ್‌ನಲ್ಲಿ ಐಎ-64 ಅನ್ನುವ ಪ್ರೊಸೆಸರ್ ಬಗ್ಗೆ ಒಂದು ಕಾಮೆಂಟ್ ಇದೆ. ಅಲ್ಲಿ ವಾಪಸ್ ಬಂದ ಮೇಲೆ ಗ್ಲೋಬಲ್ ಪಾಯಿಂಟರ್ ಅನ್ನು (ಗ್ಲೋಬಲ್ ಡೇಟಾ ಎಲ್ಲಿದೆ ಅಂತ ತೋರಿಸುವ ರಿಜಿಸ್ಟರ್) ಮತ್ತೆ ತುಂಬಬೇಕು, ಅದಕ್ಕೆ ಮುಂದಿನ ಸಾಲಿಗೆ ಹೋಗದೆ ಕರೆದ ಸಾಲಲ್ಲೇ ನಿಲ್ಲುತ್ತದೆ ಅಂತ. ನಾನು ಎರಡು ಬಗೆಗೂ ಬೇರೆ ಬೇರೆ ಟೆಸ್ಟ್ ಇಟ್ಟಿದ್ದೇನೆ. "ಇದಾದರೂ ಸರಿ ಅದಾದರೂ ಸರಿ" ಅನ್ನುವ ಸಡಿಲ ಟೆಸ್ಟ್ ಬೇಡ ಅನ್ನಿಸಿತು, ನನ್ನದು ಒಂದೇ ಪ್ರೊಸೆಸರ್ ತಾನೇ.

ಟೆಸ್ಟ್ ಪ್ರೋಗ್ರಾಮ್‌ನಲ್ಲಿ ಪ್ರಿಂಟ್‌ಎಫ್ ಒಳಗೆ ಸ್ಟೆಪ್ ಇನ್ ಮಾಡುವುದನ್ನು ನಾನು ಇಟ್ಟುಕೊಂಡಿಲ್ಲ. ಒಂದು ಮಷಿನ್‌ನಲ್ಲಿ ಸಿ ಲೈಬ್ರರಿಯ ಡೀಬಗ್ ಮಾಹಿತಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಇದ್ದಲ್ಲಿ ಒಳಗೆ ಹೋಗುತ್ತದೆ, ಇಲ್ಲದಲ್ಲಿ ದಾಟಿ ಹೋಗುತ್ತದೆ. ಡೀಬಗ್ ಮಾಹಿತಿ ಇಲ್ಲದ ಫಂಕ್ಷನ್ ಬೇಕಾದರೆ ನಾನೇ ಒಂದು ಫೈಲ್ ಬರೆದು, ಅದನ್ನು ಮಾತ್ರ ಜಿ ಫ್ಲ್ಯಾಗ್ ಇಲ್ಲದೆ ಕಂಪೈಲ್ ಮಾಡುತ್ತೇನೆ. ಸ್ಲೀಪ್ ಹಾಕಿ ಕಾಯುವುದೂ ಇಲ್ಲ. ನಿಂತಿತು ಅನ್ನುವ ಸುದ್ದಿ ಬರುವ ತನಕ ಕಾಯಬೇಕು. ಟೈಮ್‌ಔಟ್ ಇರುವುದು ಡೀಬಗರ್ ಪೂರ್ತಿ ಸಿಕ್ಕಿಹಾಕಿಕೊಂಡಾಗ ಹೊರಗೆ ಬರಲಿಕ್ಕೆ ಮಾತ್ರ.

ಸ್ಟೆಪ್ ಮಾಡುತ್ತಿರುವಾಗಲೇ ಸಿಗ್ನಲ್ (ಆಪರೇಟಿಂಗ್ ಸಿಸ್ಟಮ್ ಪ್ರೋಗ್ರಾಮ್‌ಗೆ ತಲುಪಿಸುವ ಸೂಚನೆ) ಬಂದರೆ? ಅದು ಬಂದಾಗ ಓಡುವ ಫಂಕ್ಷನ್ನೇ ಹ್ಯಾಂಡ್ಲರ್. ಸಿಗ್ನಲ್ ಜೊತೆ ಸಿಂಗಲ್‌ಸ್ಟೆಪ್ ಮಾಡಿದರೆ ಲಿನಕ್ಸ್ ಹ್ಯಾಂಡ್ಲರ್‌ನ ಮೊದಲ ಇನ್‌ಸ್ಟ್ರಕ್ಷನ್‌ನಲ್ಲಿ ನಿಲ್ಲಿಸುತ್ತದೆ. ಸ್ಟೆಪ್ ಓವರ್ ಅಲ್ಲೇ ಉಳಿಯಬಾರದು. ಟೈಮರ್ ಇಟ್ಟರೆ ಸಿಗ್ನಲ್ ಒಂದೊಂದು ಸಲ ಒಂದೊಂದು ಜಾಗದಲ್ಲಿ ಬರುತ್ತದೆ. ಅದಕ್ಕೆ ಪ್ರೋಗ್ರಾಮ್ ನಿಂತಿರುವಾಗಲೇ ಟೆಸ್ಟ್ ಸ್ಕ್ರಿಪ್ಟ್ ಒಂದು ಸಿಗ್ನಲ್ ಕಳಿಸುತ್ತದೆ, ಆಮೇಲೆ ಸ್ಟೆಪ್ ಓವರ್ ಮಾಡುತ್ತದೆ. ಆಗ ಪ್ರತಿ ಸಲವೂ ಅದೇ ಜಾಗ. ಹ್ಯಾಂಡ್ಲರ್ ಒಂದು ಕೌಂಟರ್ ಏರಿಸುತ್ತದೆ. ಮುಂದಿನ ಸಾಲಲ್ಲಿ ನಿಂತಿರಬೇಕು, ಕೌಂಟರ್ 1 ಆಗಿರಬೇಕು. ಸಿಗ್ನಲ್ಲನ್ನೇ ನುಂಗಿಬಿಡುವ ಡೀಬಗರ್ ಸಾಲಿನ ಪರೀಕ್ಷೆಯಲ್ಲಿ ಪಾಸಾಗಿ ಕೌಂಟರ್‌ನಲ್ಲಿ ಸಿಕ್ಕಿಬೀಳುತ್ತದೆ.

ಕೈಯಲ್ಲಿ ಬರೆದ ಟೆಸ್ಟ್‌ಗಳ ಜೊತೆ ಇನ್ನೊಂದು ಬಗೆಯದೂ ಇದೆ, ನನಗೆ ಇದು ತುಂಬ ಇಷ್ಟ. ಪ್ರೋಗ್ರಾಮ್ ಪೂರ್ತಿ ಒಂದೊಂದೇ ಇನ್‌ಸ್ಟ್ರಕ್ಷನ್ ಓಡಿಸಿ, ಪ್ರತಿ ಅಡ್ರೆಸ್ಸನ್ನೂ ಬರೆದಿಟ್ಟುಕೊಳ್ಳುತ್ತೇನೆ. ಕಾಲ್ ಬಂದರೆ ಆಳ ಒಂದು ಜಾಸ್ತಿ, ರೆಟ್ (ವಾಪಸ್ ಹೋಗುವ ಇನ್‌ಸ್ಟ್ರಕ್ಷನ್) ಬಂದರೆ ಒಂದು ಕಡಿಮೆ. ಈ ಪಟ್ಟಿಯಿಂದ ಸ್ಟೆಪ್ ಓವರ್ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಬ್ರೇಕ್‌ಪಾಯಿಂಟ್‌ನ ಗೊಡವೆಯಿಲ್ಲದೆ ಲೆಕ್ಕ ಹಾಕಬಹುದು: ಅದೇ ಆಳದಲ್ಲಿ ಬೇರೆ ಸಾಲು ಶುರುವಾಗುವ ಮೊದಲ ಜಾಗ, ಇಲ್ಲವೇ ಆಳ ಕಡಿಮೆಯಾದ ಜಾಗ. ಡೀಬಗರ್ ನಿಜವಾಗಿ ನಿಂತ ಜಾಗ ಇದಕ್ಕೆ ತಾಳೆಯಾಗಬೇಕು. ಬಲು ನಿಧಾನ, ಹಾಗಾಗಿ ರಾತ್ರಿ ಓಡಿಸುತ್ತೇನೆ. ಲಾಂಗ್‌ಜಂಪ್ (ಹಲವು ಕರೆಗಳನ್ನು ಒಂದೇ ಜಿಗಿತಕ್ಕೆ ಬಿಟ್ಟು ಹೊರಬರುವುದು) ಇರುವ ಪ್ರೋಗ್ರಾಮ್‌ಗಳಲ್ಲಿ ಈ ಆಳದ ಲೆಕ್ಕ ತಪ್ಪುತ್ತದೆ, ಅವುಗಳಿಗೆ ಕೈಬರಹದ ಟೆಸ್ಟ್‌ಗಳೇ.

ಫೇಲ್ ಆದದ್ದನ್ನು ಎರಡಾಗಿ ವಿಂಗಡಿಸುವ ಅಭ್ಯಾಸ ಜಿಡಿಬಿಯವರಿಂದ ಬಂತು. ಡೀಬಗರ್‌ನಲ್ಲೇ ಇರುವ ಗೊತ್ತಿರುವ ತೊಂದರೆ ಕೆಫೇಲ್. ಕಂಪೈಲರ್ ಕೊಟ್ಟ ಲೈನ್ ಟೇಬಲ್ಲೇ ಸರಿಯಿಲ್ಲದಂಥ ಹೊರಗಿನ ತೊಂದರೆ ಎಕ್ಸ್‌ಫೇಲ್. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ನಾನು ತಿದ್ದಬೇಕಾದ್ದು ಯಾವುದು ಅಂತ ತಿಳಿಯುವುದಿಲ್ಲ.

ಆಪ್ಟಿಮೈಸ್ ಮಾಡಿದ ಕೋಡ್‌ನಲ್ಲಿ ಸಾಲುಗಳು ಹಿಂದೆ ಮುಂದೆ ಜಿಗಿಯುತ್ತವೆ. ಎಲ್‌ಎಲ್‌ವಿಎಂ ಕಂಪೈಲರ್ ಯೋಜನೆಯ ಡೆಕ್ಸ್‌ಟರ್ ಅನ್ನುವ ಟೆಸ್ಟ್ ಸಾಧನ ಇಂಥಲ್ಲಿ ಪಾಸ್ ಫೇಲ್ ಬದಲು 0ಯಿಂದ 1ರವರೆಗೆ ಅಂಕ ಕೊಡುತ್ತದೆ. ನಾನು ಕೇಳುವುದು ಇಷ್ಟೇ: ಸ್ಟೆಪ್ ಓವರ್ ಪ್ರೋಗ್ರಾಮನ್ನು ಕೊನೆಯವರೆಗೆ ಓಡಿಸಿಬಿಡಬಾರದು, ವೇರಿಯಬಲ್ ಕೇಳಿದರೆ ಸರಿಯಾದ ಬೆಲೆ ಕೊಡಬೇಕು, ಇಲ್ಲವೇ "ಬೆಲೆ ಇಲ್ಲ" ಅನ್ನಬೇಕು. ಸುಳ್ಳು ಬೆಲೆ ಕೊಡಬಾರದು.

ಈಗ ಕೈಯಲ್ಲಿರುವುದು ಥ್ರೆಡ್‌ಗಳ (ಒಂದೇ ಪ್ರೋಗ್ರಾಮ್ ಒಳಗೆ ಏಕಕಾಲಕ್ಕೆ ಓಡುವ ಎಳೆಗಳು) ಟೆಸ್ಟ್. ಎರಡು ಥ್ರೆಡ್‌ಗಳು ಒಂದೇ ಫಂಕ್ಷನ್ ಓಡಿಸುತ್ತಿರುತ್ತವೆ. ನಾವು ಒಂದರಲ್ಲಿ ಸ್ಟೆಪ್ ಓವರ್ ಒತ್ತಿದಾಗ ತಾತ್ಕಾಲಿಕ ಬ್ರೇಕ್‌ಪಾಯಿಂಟ್‌ಗೆ ಇನ್ನೊಂದು ಬಂದು ತಾಗಬಹುದು. ರಿಕರ್ಷನ್‌ನ ತೊಂದರೆಯೇ ಇದು, ಸ್ಟ್ಯಾಕ್ ಮಾತ್ರ ಬೇರೆಯವರದು. ಯಾರು ಮೊದಲು ತಾಗುತ್ತಾರೆ ಅನ್ನುವುದು ಅದೃಷ್ಟಕ್ಕೆ ಬಿಟ್ಟದ್ದಾಗಬಾರದು. ಅದಕ್ಕೆ ನಾವು ಸ್ಟೆಪ್ ಮಾಡುವ ಥ್ರೆಡ್ ಕರೆದ ಫಂಕ್ಷನ್‌ನ ಒಳಗೆ ಒಂದು ಸೆಮಾಫೋರ್ (ಬೇರೆಯವರು ಬಿಡುವ ತನಕ ತಡೆಯುವ ಗೇಟು) ಮುಂದೆ ಕಾಯುತ್ತದೆ. ಇನ್ನೊಂದು ಥ್ರೆಡ್ ಬ್ರೇಕ್‌ಪಾಯಿಂಟ್ ಇರುವ ಜಾಗವನ್ನು ದಾಟಿದ ಮೇಲೆ ಮಾತ್ರ ಆ ಸೆಮಾಫೋರ್ ಬಿಡುತ್ತದೆ. ಡೀಬಗರ್ ತಪ್ಪಾಗಿ ಬೇರೆ ಥ್ರೆಡ್‌ಗೇ ನಿಂತುಬಿಟ್ಟರೆ ಥ್ರೆಡ್‌ನ ನಂಬರ್ ಅದನ್ನು ಹೇಳುತ್ತದೆ. ಆ ಥ್ರೆಡ್ಡನ್ನು ಮುಂದೆ ಬಿಡದಿದ್ದರೆ ಸೆಮಾಫೋರ್ ಬಿಡುವವರೇ ಇಲ್ಲ, ಅದನ್ನು ಟೈಮ್‌ಔಟ್ ಹೇಳುತ್ತದೆ.