ಅಕ್ಕಿ ರೊಟ್ಟಿ ಅಂಚು ಬಿರಿಯೋದು ಕೊನೆಗೂ ನಿಂತಿದ್ದು ಹೀಗೆ

ನಮ್ಮ ತವರಲ್ಲಿ ಅಕ್ಕಿ ರೊಟ್ಟಿ ಅಂದ್ರೆ ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿ ಬಾಣಲಿಗೇ ತಟ್ಟೋದು. ಮದುವೆಯಾಗಿ ಮೂಡಿಗೆರೆ ಕಡೆ ಬಂದ್ಮೇಲೆ ನೋಡಿದ್ರೆ ಇಲ್ಲಿ ಬರೀ ಹಿಟ್ಟು ಉಕ್ಕರಿಸಿ, ಅಂದ್ರೆ ಕುದಿಯೋ ನೀರಿಗೆ ಹಾಕಿ ಬೇಯಿಸಿ, ಮಾಡೋ ತೆಳು ರೊಟ್ಟಿ, ನಾನು ಮಾಡಿದ್ರೆ ಲಟ್ಟಿಸ್ತಿದ್ದಂಗೆ ಅಂಚೆಲ್ಲ ಬಿರಿದು ಕಾವಲಿಗೆ ಹಾಕೋವಾಗ ಎರಡು ತುಂಡು ಆಗೋದು. ಹಿಟ್ಟು ನುಣ್ಣಗಿಲ್ಲ ಅಂತ ಮಿಲ್ಲಲ್ಲಿ ಇನ್ನೊಂದ್ಸಲ ಬೀಸಿಸ್ದೆ, ಏನೂ ಬದಲಾಗ್ಲಿಲ್ಲ.

ಒಂದಿನ ಅತ್ತೆ ಪಕ್ಕ ನಿಂತು ನೋಡಿ, "ನೀರು ಬರೀ ಬಿಸಿಯಾಗಿದೆ ಕಣಮ್ಮ, ಕುದ್ದಿಲ್ಲ" ಅಂದ್ರು. ಅಷ್ಟೇ ತಪ್ಪು! ಅಕ್ಕಿಲಿ ಗೋಧಿ ತರ ಹಿಟ್ಟನ್ನ ಹಿಡಿದಿಡೋ ಗ್ಲೂಟನ್ ಅನ್ನೋ ಪ್ರೋಟೀನ್ ಇರಲ್ಲ, ಹಿಟ್ಟು ಒಂದಕ್ಕೊಂದು ಹಿಡ್ಕೊಳ್ಳೋದು ಪಿಷ್ಟ ಬೆಂದು ಅಂಟಾದ್ರೆ ಮಾತ್ರ.

ಈಗ 1 ಲೋಟ ನೀರಿಗೆ ಉಪ್ಪು, 1 ಚಮಚ ಎಣ್ಣೆ ಹಾಕಿ ಕೊತಕೊತ ಕುದ್ದ ಮೇಲೆ 1 ಲೋಟ ಹಿಟ್ಟು ಸುರಿದು, ಕೈಯಾಡಿಸದೆ ಸಣ್ಣ ಉರಿಲಿ ಮುಚ್ಚಿ 3 ನಿಮಿಷ ಬಿಟ್ಟು ಆಮೇಲೆ ತಿರುವಿ ಇಳಿಸ್ತೀನಿ. ಕೈ ಸುಡುತ್ತೆ ಅಂತ ಆರಕ್ಕೆ ಬಿಡಬೇಡಿ, ತಣ್ಣೀರಲ್ಲಿ ಕೈ ಅದ್ಕೊಂಡು ಬಿಸಿ ಇದ್ದಾಗ್ಲೇ ನಾದ್ಬೇಕು, ಉಂಡೆ ಒತ್ತಿದಾಗ ಅಂಚಲ್ಲಿ ಗೆರೆ ಬಿದ್ರೆ ಇನ್ನೂ ನಾದ್ಬೇಕು ಅಂತ ಅರ್ಥ. ಉಳಿದ ಉಂಡೆಗಳ ಮೇಲೆ ಒದ್ದೆ ಬಟ್ಟೆ ಮುಚ್ಚಿಡಿ. ಕಾವಲಿ ಮೇಲೆ ಎರಡೂ ಕಡೆ ಬೇಯಿಸಿ ಕೊನೆಗೆ ಒಲೆ ಕೆಂಡದ ಮೇಲಿಟ್ರೆ ಪೂರಿ ತರ ಉಬ್ಬುತ್ತೆ, ಆ ಸುಟ್ಟ ವಾಸನೆ ಇದ್ಯಲ್ಲ, ಗ್ಯಾಸಲ್ಲಿ ಅಷ್ಟು ಬರಲ್ಲ.

ನಿನ್ನೆ ಎಣ್ಣೆಗಾಯಿ ಜೊತೆ 12 ರೊಟ್ಟಿ ಮಾಡ್ದೆ, ಒಂದೂ ಹರಿಲಿಲ್ಲ, ಅತ್ತೆ ಇನ್ನೊಂದು ಹಾಕಮ್ಮ ಅಂತ ಕೇಳಿ ಹಾಕಿಸ್ಕೊಂಡ್ರು.