ಹಾವು ಕಡಿತದ ಅಧ್ಯಯನಕ್ಕೆ ಐಸಿಎಂಆರ್ ಗ್ರಾಂಟ್ ಸಿಕ್ಕಿದ್ದು ಹೇಗೆ: ನನ್ನ ಅನುಭವ

"ಅದೆಲ್ಲ ಏಮ್ಸ್‌ಗೆ, ನಿಮ್ಹಾನ್ಸ್‌ಗೆ, ಐಐಎಸ್‌ಸಿಗೆ ಸರ್. ನಮಗ್ಯಾರು ಕೊಡ್ತಾರೆ?" ಜಿಲ್ಲಾ ಕೇಂದ್ರದ ಮೆಡಿಕಲ್ ಕಾಲೇಜುಗಳಲ್ಲಿ ರಿಸರ್ಚ್ ಗ್ರಾಂಟ್ ಅಂದ ತಕ್ಷಣ ಬರುವ ಮಾತಿದು. ನಾನು ಅಂಥದ್ದೇ ಒಂದು ಸರ್ಕಾರಿ ಕಾಲೇಜಿನಲ್ಲಿ ಜನರಲ್ ಮೆಡಿಸಿನ್ ವಿಭಾಗದಲ್ಲಿದ್ದೇನೆ. ನಮಗೂ ಕೊಡುತ್ತಾರೆ, ನನಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೊಟ್ಟಿದೆ. ಅರ್ಜಿ ಹಾಕೋಕೆ ಹಿಂದೆಮುಂದೆ ನೋಡುತ್ತಿರುವ ಸಹೋದ್ಯೋಗಿಗಳಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ವಿಷಯ ಕೊಳಕುಮಂಡಲ (ರಸೆಲ್ಸ್ ವೈಪರ್) ಹಾವಿನ ಕಡಿತ. ಭತ್ತ, ಕಬ್ಬು ಬೆಳೆಯುವ ಸೀಮೆ ನಮ್ಮದು. ಮುಂಗಾರು ಶುರುವಾಯಿತು ಅಂದರೆ ಕ್ಯಾಶುವಾಲ್ಟಿಗೆ ಹಾವು ಕಡಿದವರು ಬರುತ್ತಲೇ ಇರುತ್ತಾರೆ. ಆಂಟಿವೆನಮ್ (ಹಾವಿನ ವಿಷಕ್ಕೆ ಮದ್ದು) ಕೊಡುತ್ತೇವೆ. ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್ ಮಾಡುತ್ತೇವೆ. ಮೂತ್ರ ಚೆನ್ನಾಗಿ ಬರೋಕೆ ಶುರುವಾಗಿ ಕ್ರಿಯಾಟಿನಿನ್ (ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಏರುವ ಅಂಶ) ಇಳಿದ ಮೇಲೆ ಮನೆಗೆ ಕಳಿಸುತ್ತೇವೆ. ಆಮೇಲೆ ಆ ಕಿಡ್ನಿ ಏನಾಯಿತು? ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹುಷಾರಾದವರು ಒಂದು ದಿನದ ಕೂಲಿ ಬಿಟ್ಟು ಸುಮ್ನೆ ಚೆಕಪ್‌ಗೆ ಬರೋದಿಲ್ಲ, ಅಲ್ವಾ? ಎಷ್ಟೋ ಕಾಲದ ಮೇಲೆ ಕಾಲು ಊದಿಕೊಂಡು ಬಿಪಿ ಏರಿಸಿಕೊಂಡು ಬಂದ ಒಬ್ಬ ರೈತರ ಹಳೇ ಫೈಲ್ ತೆಗೆಸಿದಾಗ ಅದರಲ್ಲಿ ಹಾವು ಕಡಿತ ಇತ್ತು. ಇಂಥವರು ಎಷ್ಟು ಜನ ಇರಬಹುದು ಅನ್ನೋದೇ ನನ್ನ ಪ್ರಶ್ನೆಯಾಯಿತು.

ದೇಶದ ಮಟ್ಟದಲ್ಲಿ ಇದು ಸಣ್ಣ ವಿಷಯ ಅಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಅಂತ 2020ರಲ್ಲಿ ಬಂದ ಒಂದು ಅಂದಾಜು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಇದನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ತಂದಿತು. ಪ್ರಪೋಸಲ್‌ನಲ್ಲಿ ಇಂಥ ಸಂಗತಿಗಳಿಗೆ ಒಂದು ಪ್ಯಾರಾ ಸಾಕು. ತುಂಬಾ ಜನ ಇದಕ್ಕೇ ನಾಲ್ಕು ಪುಟ ಬರೆದು ತಮ್ಮ ಆಸ್ಪತ್ರೆಯ ಬಗ್ಗೆ ನಾಲ್ಕು ಸಾಲು ಬರೆಯುತ್ತಾರೆ. ನನ್ನ ಅನುಭವದಲ್ಲಿ ಅರ್ಜಿ ಪರಿಶೀಲಿಸುವ ಕಮಿಟಿಗೆ ಬೇಕಾದ ಉತ್ತರ ಒಂದೇ: ಈ ಕೆಲಸ ಈ ಊರಲ್ಲಿ, ಈ ಜನರ ಕೈಲಿ, ಇಷ್ಟು ದುಡ್ಡಲ್ಲಿ ಮುಗಿಯುತ್ತಾ? ಪ್ರಪೋಸಲ್‌ನ ಪ್ರತಿ ಪುಟವೂ ಈ ಪ್ರಶ್ನೆಗೆ ಉತ್ತರ ಕೊಡುತ್ತಿರಬೇಕು.

ಅದಕ್ಕೇ ನಾನು ಕೆಲಸ ಶುರು ಮಾಡಿದ್ದು ಮೆಡಿಕಲ್ ರೆಕಾರ್ಡ್ಸ್ ವಿಭಾಗದಿಂದ. ಕಾಯಿಲೆಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ (ಐಸಿಡಿ) ಹಾವಿನ ವಿಷದ ಕೋಡ್ ಟಿ63.0. ಆ ಕೋಡ್ ಹಿಡಿದು ಹಿಂದಿನ ವರ್ಷಗಳ ಪಟ್ಟಿ ತೆಗೆಸಿದೆ. ಪಟ್ಟಿ ನಂಬುವ ಹಾಗಿರಲಿಲ್ಲ. "ಅನ್‌ನೋನ್ ಬೈಟ್" ಅಂತ ಬರೆದ ಫೈಲ್‌ಗಳು ಬೇರೆ ಕೋಡ್‌ನಲ್ಲಿ ಕೂತಿದ್ದವು. ರೆಕಾರ್ಡ್ ರೂಮಿನ ಸಿಬ್ಬಂದಿ ಜೊತೆ ಕೂತು ಒಂದೊಂದೇ ಕಟ್ಟು ಬಿಚ್ಚಿದೆವು. ಡಯಾಲಿಸಿಸ್ ರಿಜಿಸ್ಟರ್ ಪಕ್ಕದಲ್ಲಿಟ್ಟು ಹೋಲಿಸಿದೆವು. ಕೊನೆಗೆ ಸಿಕ್ಕಿದ್ದು: ಕೊಳಕುಮಂಡಲದ ಲಕ್ಷಣ ಇದ್ದು ಕಿಡ್ನಿಗೆ ಪೆಟ್ಟು ಬಿದ್ದವರು ವರ್ಷಕ್ಕೆ ಹೆಚ್ಚೂಕಮ್ಮಿ 90 ಜನ. ಇಡೀ ಪ್ರಪೋಸಲ್ ನಿಂತಿದ್ದು ಈ ಒಂದು ಅಂಕಿಯ ಮೇಲೆ.

ಯಾಕೆ ಅಂದರೆ ಸ್ಯಾಂಪಲ್ ಸೈಜ್, ಅಂದರೆ ಅಧ್ಯಯನಕ್ಕೆ ಎಷ್ಟು ರೋಗಿಗಳು ಬೇಕು ಅನ್ನುವ ಲೆಕ್ಕ. ನಮ್ಮ ಪಿಜಿ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡಿರುವ ಸೂತ್ರವೇ: ನಾಲ್ಕು ಪಿಕ್ಯು ಭಾಗಿಸು ಡಿ ವರ್ಗ. ಪಿ ಅಂದರೆ ನಿರೀಕ್ಷಿತ ಶೇಕಡಾವಾರು, ಕ್ಯು ಅಂದರೆ ನೂರರಲ್ಲಿ ಉಳಿದದ್ದು, ಡಿ ಅಂದರೆ ಒಪ್ಪಬಹುದಾದ ಆಚೀಚೆ. ಒಂದು ವರ್ಷದ ನಂತರವೂ ಕಿಡ್ನಿ ಸರಿಹೋಗದವರು ಶೇ. 30 ಇರಬಹುದು ಅಂತ ಇಟ್ಟುಕೊಂಡೆ. ಶೇ. 7ರಷ್ಟು ಆಚೀಚೆ ಆದರೆ ಪರವಾಗಿಲ್ಲ ಅಂತ ಲೆಕ್ಕ ಹಾಕಿದರೆ 172 ಜನ ಬೇಕು. ಐವರಲ್ಲಿ ಒಬ್ಬರು ಫಾಲೋಅಪ್‌ಗೆ ಬರೋದಿಲ್ಲ ಅಂತ ಹಿಡಿದರೆ 215. ಈಗ ಕ್ಯಾಲೆಂಡರ್ ನೋಡಿ. ಮೂರು ವರ್ಷದ ಪ್ರಾಜೆಕ್ಟ್ ಅಂದರೆ ರೋಗಿಗಳನ್ನು ಸೇರಿಸಿಕೊಳ್ಳೋಕೆ ಮೂರು ವರ್ಷ ಸಿಗೋದಿಲ್ಲ. ಸಿಬ್ಬಂದಿ ನೇಮಕ, ಖರೀದಿ, ಕೊನೆಯ ಅನಾಲಿಸಿಸ್‌ಗೆ ಆರು ತಿಂಗಳು ಹೋಗುತ್ತೆ. ಕೊನೆಗೆ ಸೇರಿದವರಿಗೂ ಒಂದು ವರ್ಷ ಫಾಲೋಅಪ್ ಬೇಕು. ಉಳಿದದ್ದು 18 ತಿಂಗಳು. ಅಷ್ಟರಲ್ಲಿ ನಮ್ಮಲ್ಲಿ ಸಿಗೋದು ಸುಮಾರು 135 ಜನ. ಇನ್ನೂ 80 ಜನ ಕಮ್ಮಿ! ಹೀಗಾಗಿ ಪಕ್ಕದ ಜಿಲ್ಲೆಯ ಕಾಲೇಜನ್ನು ಎರಡನೇ ಕೇಂದ್ರವಾಗಿ ಸೇರಿಸಿಕೊಂಡೆ, ಅವರ ರಿಜಿಸ್ಟರ್ ಅಂಕಿಯನ್ನೂ ತರಿಸಿಕೊಂಡೆ. ರಿವ್ಯೂ ಮಾಡಿದವರು ಈ ಭಾಗವನ್ನು ಮೆಚ್ಚಿ ಬರೆದಿದ್ದರು.

ಇದೆಲ್ಲ ಎಲ್ಲಿ ಕಲಿತಿರಿ ಅಂತ ಕೆಲವರು ಕೇಳುತ್ತಾರೆ. ಚೆನ್ನೈನ ಐಸಿಎಂಆರ್-ಎನ್ಐಇ (ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ) ನಡೆಸುವ ಬಯೋಮೆಡಿಕಲ್ ರಿಸರ್ಚ್ ಬೇಸಿಕ್ ಕೋರ್ಸ್ ಇದೆಯಲ್ಲ, ಪಿಜಿಗಳೂ ಫ್ಯಾಕಲ್ಟಿಯೂ ಕಡ್ಡಾಯ ಅಂತ ಮಾಡಿ ಮುಗಿಸುವ ಆನ್‌ಲೈನ್ ಕೋರ್ಸ್, ಅದನ್ನೇ ಮನಸ್ಸಿಟ್ಟು ನೋಡಿದೆ. ಅಷ್ಟರಲ್ಲೇ ಮುಕ್ಕಾಲು ಭಾಗ ಬರುತ್ತದೆ.

ನೇರ ಐಸಿಎಂಆರ್‌ಗೆ ಹೋಗುವ ಮೊದಲು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಸಣ್ಣ ಗ್ರಾಂಟ್ ತೆಗೆದುಕೊಂಡೆ. ಅಫಿಲಿಯೇಟೆಡ್ ಕಾಲೇಜಿನ ಫ್ಯಾಕಲ್ಟಿ ಯಾರಾದರೂ ಅರ್ಜಿ ಹಾಕಬಹುದು. ಆ ದುಡ್ಡಲ್ಲಿ ಪೈಲಟ್ (ಸಣ್ಣ ಪ್ರಾಯೋಗಿಕ ಅಧ್ಯಯನ) ಮಾಡಿದೆ: ಡಿಸ್ಚಾರ್ಜ್ ಆದವರಿಗೆ ಫೋನ್ ಮಾಡಿ ಮೂರು ತಿಂಗಳಿಗೆ ಕರೆಸಿ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ (ಕಿಡ್ನಿ ಕೆಟ್ಟರೆ ಮೂತ್ರದಲ್ಲಿ ಸೋರುವ ಪ್ರೋಟೀನ್) ನೋಡೋದು. ಮೂರು ತಿಂಗಳು ಯಾಕೆ ಅಂದರೆ, ಕಿಡ್ನಿಯ ತೊಂದರೆ ಅದಕ್ಕಿಂತ ಜಾಸ್ತಿ ಉಳಿದರೆ ಮಾತ್ರ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ನುತ್ತಾರೆ. ಪೈಲಟ್‌ನಿಂದ ಕಲಿತ ದೊಡ್ಡ ಪಾಠ ಲ್ಯಾಬಿನದ್ದಲ್ಲ, ಫೋನಿನದ್ದು. ರೋಗಿಯ ನಂಬರ್ ಬದಲಾಗಿರುತ್ತದೆ, ಇಲ್ಲಾ ಸ್ವಿಚ್ಡ್ ಆಫ್. ಮನೆಯ ಇನ್ನೊಬ್ಬರ ನಂಬರ್, ಊರಿನ ಆಶಾ ಕಾರ್ಯಕರ್ತೆಯ ನಂಬರ್ ಎರಡೂ ಬರೆದುಕೊಂಡ ಮೇಲೆ ಬರುವವರ ಸಂಖ್ಯೆ ಏರಿತು. ಮುಂದೆ ಐಸಿಎಂಆರ್ ಅರ್ಜಿಯಲ್ಲಿ "ಫಾಲೋಅಪ್ ಹೇಗೆ ಖಾತ್ರಿ ಮಾಡುತ್ತೀರಿ" ಅನ್ನುವಲ್ಲಿ ಇದನ್ನೇ ಬರೆದೆ.

ಐಸಿಎಂಆರ್ ಅರ್ಜಿ ಆನ್‌ಲೈನ್‌ನಲ್ಲೇ. ಈಗ ಹೊರಗಿನ ಸಂಸ್ಥೆಗಳಿಗೆ ಸ್ಮಾಲ್ ಗ್ರಾಂಟ್, ಇಂಟರ್‌ಮೀಡಿಯೆಟ್ ಗ್ರಾಂಟ್ ಅಂತ ವಿಂಗಡಿಸಿದ್ದಾರೆ. ಹೊಸಬರು ಸ್ಮಾಲ್‌ನಿಂದ ಶುರು ಮಾಡೋದು ಒಳ್ಳೆಯದು. ಖಾಸಗಿ ಕಾಲೇಜಿನವರಾದರೆ ನಿಮ್ಮ ಸಂಸ್ಥೆಗೆ ಡಿಎಸ್ಐಆರ್ (ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ) ಮಾನ್ಯತೆ ಇದೆಯಾ, ಅದರ ಅವಧಿ ಮುಗಿದಿಲ್ಲವಾ ಅಂತ ಮೊದಲೇ ಆಫೀಸಿನಲ್ಲಿ ಕೇಳಿ. ಕಾಲೇಜಿನ ಎಥಿಕ್ಸ್ ಕಮಿಟಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ ಡಿಎಚ್ಆರ್‌ನ ನೈತಿಕ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು.

ಎರಡು ಮೂರು ಪ್ರಶ್ನೆ ಕಮಿಟಿಯಿಂದ ಬಂದವು. ಮೊದಲನೆಯದು, ಕಡಿದದ್ದು ಕೊಳಕುಮಂಡಲವೇ ಅಂತ ಹೇಗೆ ಹೇಳುತ್ತೀರಿ? ನ್ಯಾಯವಾದ ಪ್ರಶ್ನೆ. ಗರಗಸ ಮಂಡಲ ಕಡಿದರೂ ರಕ್ತ ಹೆಪ್ಪುಗಟ್ಟೋದಿಲ್ಲ. ಪಶ್ಚಿಮ ಘಟ್ಟದ ಕಡೆ ಹಂಪ್ ನೋಸ್ಡ್ ಪಿಟ್ ವೈಪರ್ ಕೂಡ ಕಿಡ್ನಿ ಕೆಡಿಸುತ್ತದೆ, ಅದಕ್ಕೆ ನಮ್ಮ ಆಂಟಿವೆನಮ್ ತಯಾರಾಗಿಲ್ಲ. ನಾವು ಮೂರು ದರ್ಜೆ ಮಾಡಿದೆವು: ಸತ್ತ ಹಾವು ಅಥವಾ ಮೊಬೈಲ್ ಫೋಟೊ ಇದ್ದರೆ ಖಚಿತ, ಚಿತ್ರ ತೋರಿಸಿದಾಗ ಗುರುತಿಸಿದರೆ ಸಂಭವನೀಯ, ಬರೀ ಲಕ್ಷಣ ಇದ್ದರೆ ಶಂಕಿತ. ಮೂರನ್ನೂ ಬೇರೆ ಬೇರೆಯಾಗಿ ಅನಾಲಿಸಿಸ್ ಮಾಡುತ್ತೇವೆ ಅಂತ ಬರೆದೆವು. ಹಾವನ್ನು ಹಿಡಿದು ತನ್ನಿ ಅಂತ ಯಾರಿಗೂ ಹೇಳೋದಿಲ್ಲ ಅಂತಲೂ ಸೇರಿಸಿದೆ. ಅದು ಇನ್ನೊಂದು ಕಡಿತಕ್ಕೆ ದಾರಿ.

ಎರಡನೆಯದು ಬಜೆಟ್. ಹೊಸ ಗಾಜಿನ ಟ್ಯೂಬ್‌ಗಳಿಗೆ ಯಾಕೆ ದುಡ್ಡು, ಆಸ್ಪತ್ರೆಯಲ್ಲಿ ಇರೋದಿಲ್ಲವಾ ಅಂತ ಕೇಳಿದ್ದರು. ಇಪ್ಪತ್ತು ನಿಮಿಷದ ಹೆಪ್ಪುಗಟ್ಟುವ ಪರೀಕ್ಷೆ ನಮ್ಮ ಅಧ್ಯಯನದ ಬುನಾದಿ. ಎರಡು ಎಂಎಲ್ ರಕ್ತವನ್ನು ಒಣ ಗಾಜಿನ ಟ್ಯೂಬಿಗೆ ಹಾಕಿ, ಅಲ್ಲಾಡಿಸದೆ ಇಪ್ಪತ್ತು ನಿಮಿಷ ಬಿಟ್ಟು, ಒಮ್ಮೆ ಬಗ್ಗಿಸಿ ನೋಡೋದು. ನೀರಿನ ಹಾಗೆ ಹರಿದರೆ ವಿಷ ಏರಿದೆ ಅಂತ ಅರ್ಥ. ಪ್ಲಾಸ್ಟಿಕ್ ಟ್ಯೂಬ್ ಆದರೆ ಫಲಿತಾಂಶ ಸುಳ್ಳಾಗುತ್ತದೆ. ಗಾಜಿನದ್ದೇ ಆದರೂ ಡಿಟರ್ಜೆಂಟ್‌ನಲ್ಲಿ ತೊಳೆದಿದ್ದರೆ, ಅದರ ಅಂಶ ಉಳಿದು ಚೆನ್ನಾಗಿರುವ ರಕ್ತವೂ ಹೆಪ್ಪುಗಟ್ಟದೇ ಹೋಗಬಹುದು. ಈ ವಿವರ ಎರಡು ಸಾಲಲ್ಲಿ ಬರೆದೆ, ಟ್ಯೂಬ್‌ಗಳು ಪಾಸಾದವು. ಬಜೆಟ್ ಸಮರ್ಥನೆ ಅಂದರೆ ಇಷ್ಟೇ. ಪ್ರತಿ ರೂಪಾಯಿ ಯಾವ ಉದ್ದೇಶಕ್ಕೆ ಅಂತ ಬೆರಳಿಟ್ಟು ತೋರಿಸಬೇಕು. "ಕೆಮಿಕಲ್ಸ್ ಮತ್ತು ಇತರೆ" ಅಂತ ಒಟ್ಟಾರೆಯಾಗಿ ಒಂದು ಮೊತ್ತ ಬರೆದರೆ ಅದನ್ನು ಕತ್ತರಿಸೋದು ಸುಲಭ.

ಮೂರನೆಯದು ನನಗೆ ತುಂಬಾ ಹತ್ತಿರದ ವಿಷಯ, ರೋಗಿಗಳಿಗೆ ಕೊಡುವ ದುಡ್ಡು. ಸಂಶೋಧನೆಗಾಗಿ ಮಾಡುವ ಪರೀಕ್ಷೆಗೆ ರೋಗಿಯಿಂದ ಹಣ ತೆಗೆದುಕೊಳ್ಳಬಾರದು ಅಂತ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಓಡಾಟದ ಖರ್ಚು, ಕಳೆದುಕೊಂಡ ಕೂಲಿ ಕೊಡೋಕೂ ಅವಕಾಶ ಇದೆ. 2023ರ ಜೂನ್‌ನಿಂದ ನಮ್ಮಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ, ಹಾಗಾದರೆ ಅವರಿಗೆ ಯಾಕೆ ಪ್ರಯಾಣ ಭತ್ಯೆ ಅಂತ ನಮ್ಮ ಎಥಿಕ್ಸ್ ಕಮಿಟಿಯಲ್ಲೇ ಒಬ್ಬರು ಕೇಳಿದರು. ಬಸ್ ಉಚಿತ, ಕಳೆ ಕೀಳುವ ದಿನಗೂಲಿ ಉಚಿತ ಅಲ್ಲವಲ್ಲ. ಜೊತೆಗೆ ಬರುವ ಗಂಡಸಿಗೆ ಟಿಕೆಟ್ ಬೇಕು. ಗಂಡು, ಹೆಣ್ಣು ಎಲ್ಲರಿಗೂ ಪ್ರತಿ ಭೇಟಿಗೆ ಒಂದೇ ಮೊತ್ತ ಅಂತ ಇಟ್ಟೆವು. ಹೊಲದಲ್ಲಿ ದುಡಿಯುವವರ ಮೇಲೆ ಅಧ್ಯಯನ ಮಾಡುತ್ತೀರಿ ಅಂದರೆ ಈ ಬಾಬ್ತನ್ನು ದಯವಿಟ್ಟು ಬಿಡಬೇಡಿ. ನಮ್ಮ ವಿಜ್ಞಾನ ಅವರ ಕೂಲಿಯ ಮೇಲೆ ನಡೆಯಬಾರದು.

ಮಂಜೂರಾತಿ ಪತ್ರ ಬಂದ ದಿನ ವಿಭಾಗದಲ್ಲಿ ಮೈಸೂರ್ ಪಾಕ್ ಹಂಚಿದ್ದಾಯಿತು. ಮಾರನೇ ದಿನದಿಂದ ಇನ್ನೊಂದು ವಿದ್ಯೆ ಶುರು, ಲೆಕ್ಕಪತ್ರ. ಕೇಂದ್ರದ ದುಡ್ಡು ಖರ್ಚು ಮಾಡೋಕೆ 2017ರ ಜನರಲ್ ಫೈನಾನ್ಶಿಯಲ್ ರೂಲ್ಸ್ ಇದೆ. ಸರ್ಕಾರಿ ಖರೀದಿಯ ಜಿಇಎಂ ಪೋರ್ಟಲ್‌ನಲ್ಲಿ ಸಿಗುವ ವಸ್ತುವನ್ನು ಅಲ್ಲಿಂದಲೇ ಕೊಳ್ಳಬೇಕು. ವರ್ಷ ಮುಗಿದ ಮೇಲೆ ಜಿಎಫ್ಆರ್ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ, ಅದರ ಜೊತೆ ಖರ್ಚಿನ ಪಟ್ಟಿ. ಅದು ಹೋಗದೆ ಮುಂದಿನ ಕಂತು ಬರೋದಿಲ್ಲ. ಖಾತೆಯಲ್ಲಿ ಬಡ್ಡಿ ಬಂದಿದ್ದರೆ ಕೇಂದ್ರದ ಪಾವತಿ ಪೋರ್ಟಲ್ ಭಾರತ್‌ಕೋಶ್ ಮೂಲಕ ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಸಂಬಳದ ಬಾಬ್ತಿನ ದುಡ್ಡನ್ನು ಕೇಳದೆ ಉಪಕರಣಕ್ಕೆ ಹಾಕುವ ಹಾಗಿಲ್ಲ.

ಕಂತು ತಡವಾದಾಗ ಪೆಟ್ಟು ಬೀಳೋದು ಪ್ರಾಜೆಕ್ಟ್ ಸಿಬ್ಬಂದಿಗೆ. ನನ್ನ ಫೀಲ್ಡ್ ವರ್ಕರ್ ಹುಡುಗಿಗೆ ಒಮ್ಮೆ ತಿಂಗಳುಗಟ್ಟಲೆ ಸಂಬಳ ಆಗಲಿಲ್ಲ. ಆದರೂ ಅವಳು ಬೈಕ್‌ನಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಮೂತ್ರದ ಸ್ಯಾಂಪಲ್ ತರುತ್ತಿದ್ದಳು. ಇದು ಸರಿಯಲ್ಲ. ದೇಶದ ಸಂಶೋಧನೆ ಇಂಥ ಮಕ್ಕಳ ತಾಳ್ಮೆಯ ಮೇಲೆ ನಿಲ್ಲಬಾರದು. ನಮ್ಮ ಕೈಲಿ ಆಗೋದು ಏನು ಅಂದರೆ, ಏಪ್ರಿಲ್ ಮೊದಲ ವಾರಕ್ಕೇ ಲೆಕ್ಕ ಮುಗಿಸಿ ಆಡಿಟರ್ ಕೈಗೆ ಕೊಡೋದು. ಕಾಲೇಜಿನ ಅಕೌಂಟ್ಸ್ ಸೂಪರಿಂಟೆಂಡೆಂಟ್ ಅವರನ್ನು ಅರ್ಜಿ ಬರೆಯುವಾಗಲೇ ಜೊತೆಗೆ ಕೂರಿಸಿಕೊಳ್ಳಿ. ನಮ್ಮವರು ಪ್ರತಿ ಬಾಬ್ತಿಗೂ ಬೇರೆ ಲೆಡ್ಜರ್ ಇಟ್ಟು ಕೊಟ್ಟರು. ಆಡಿಟ್‌ನಲ್ಲಿ ಒಂದು ಆಕ್ಷೇಪಣೆಯೂ ಬರಲಿಲ್ಲ.

ಬೇರೆ ಬಾಗಿಲುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಎಂಬಿಬಿಎಸ್, ಬಿಡಿಎಸ್ ವಿದ್ಯಾರ್ಥಿಗಳಿಗೆ 1979ರಿಂದ ಐಸಿಎಂಆರ್‌ನ ಎಸ್‌ಟಿಎಸ್ (ಅಲ್ಪಾವಧಿ ಸಂಶೋಧನಾ ಯೋಜನೆ) ಇದೆ, ಎರಡು ತಿಂಗಳ ಕೆಲಸ, 50,000 ರೂಪಾಯಿ ಸ್ಟೈಪೆಂಡ್. ನಿಮ್ಮ ವಿದ್ಯಾರ್ಥಿಗಳಿಗೆ ಖಂಡಿತ ಹೇಳಿ. ಲ್ಯಾಬ್ ಕಡೆಯ ವಿಷಯವಾದರೆ ಡಿಬಿಟಿ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ). ವಿಜ್ಞಾನ ಸಂಶೋಧನೆಗೆ ಹಣ ಕೊಡುತ್ತಿದ್ದ ಹಳೆಯ ಎಸ್‌ಇಆರ್‌ಬಿ ಈಗ 2023ರ ಕಾಯ್ದೆಯ ಅನುಸಂಧಾನ್ ಪ್ರತಿಷ್ಠಾನದಲ್ಲಿ ಸೇರಿಹೋಗಿದೆ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅಲ್ಲಿ ಪ್ರತ್ಯೇಕ ಯೋಜನೆ ಇದೆ. ಉಪಕರಣ, ಕಿಟ್ ಏನಾದರೂ ತಯಾರಿಸುವ ಯೋಚನೆ ಇದ್ದವರಿಗೆ ಬಯೋಟೆಕ್ ಉದ್ಯಮಕ್ಕೆ ನೆರವಾಗುವ ಕೇಂದ್ರದ ಸಂಸ್ಥೆ ಬೈರಾಕ್‌ನ ಬಿಗ್ ಗ್ರಾಂಟ್: 18 ತಿಂಗಳಿಗೆ 50 ಲಕ್ಷದವರೆಗೆ. ಬೆಂಗಳೂರಿನ ಸಿ-ಕ್ಯಾಂಪ್ ಅದರ ಪಾಲುದಾರ ಸಂಸ್ಥೆ. ಆದರೆ ಅವರು ನೋಡೋದು ಮಾರುಕಟ್ಟೆಗೆ ಹೋಗುವ ವಸ್ತುವನ್ನು. ನಮ್ಮಂಥ ಫಾಲೋಅಪ್ ಅಧ್ಯಯನಕ್ಕೆ ಅಲ್ಲಿ ಜಾಗ ಇಲ್ಲ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ವಿಜನ್ ಗ್ರೂಪ್‌ನ ಯೋಜನೆಗಳನ್ನೂ ನೋಡುತ್ತಿರಿ.

ನಮ್ಮ ಅಧ್ಯಯನದ ಪೇಪರ್ ಈಗ ರಿವ್ಯೂನಲ್ಲಿದೆ, ಅದಕ್ಕೇ ಫಲಿತಾಂಶ ಇಲ್ಲಿ ಹೇಳುತ್ತಿಲ್ಲ. ಗ್ರಾಂಟ್ ಮುಗಿದರೂ ಬುಧವಾರದ ಓಪಿಡಿಯಲ್ಲಿ ಹಾವು ಕಡಿದವರ ಫಾಲೋಅಪ್ ನಿಲ್ಲಿಸಿಲ್ಲ. ಸದ್ಯ ಮೂರು ಜಿಲ್ಲೆಯ ಕಾಲೇಜುಗಳು ಸೇರಿ ಮುಂದಿನ ಕಾನ್ಸೆಪ್ಟ್ ನೋಟ್ ಬರೆಯುತ್ತಿದ್ದೇವೆ. ತಾಲ್ಲೂಕು ಆಸ್ಪತ್ರೆಯಲ್ಲೇ ಮೊದಲ ಡೋಸ್ ಆಂಟಿವೆನಮ್ ಸಿಕ್ಕವರ ಕಿಡ್ನಿ ಎಷ್ಟರ ಮಟ್ಟಿಗೆ ಉಳಿಯುತ್ತದೆ ಅನ್ನೋದು ಈ ಸಲದ ಪ್ರಶ್ನೆ. ಎರಡು ಕಾಲೇಜುಗಳ ರಿಜಿಸ್ಟರ್ ಲೆಕ್ಕ ಬಂದಿದೆ, ಮೂರನೆಯದನ್ನು ಎಣಿಸುತ್ತಿದ್ದಾರೆ.