ಕಾಕಂಬಿ ಕುಡಿದ ಜಾವಾ ಟ್ಯಾಂಕ್: ನನ್ನ ಅನುಭವ

ತುಕ್ಕು ಬಿಡಿಸಲು ಜಾವಾ ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಕಾಕಂಬಿ (ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಹಾಕ್ತೀನಿ ಅಂದಾಗ ನಮ್ಮ ಮೆಕ್ಯಾನಿಕ್ ನಕ್ಕುಬಿಟ್ಟರು. "ಸಾರ್, ಗಾಡಿ ಮಾಡ್ತೀರೋ ಪಾಯಸ ಮಾಡ್ತೀರೋ?" ಅಂದರು. ಗಾಡಿ ಈಗ ಎರಡು ಮಳೆಗಾಲ ಕಳೆದಿದೆ. ಎಂಜಿನ್ನಿಗೆ ಪೆಟ್ರೋಲ್ ಬಿಡುವ ಕಾರ್ಬೊರೇಟರಿನ ಬಟ್ಟಲು ಬಿಚ್ಚಿದರೆ ಒಂದು ಚಿಟಿಕೆಯೂ ತುಕ್ಕಿನ ಕೆಂಪು ಪುಡಿ ಸಿಗುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಗಾಡಿ ನಮ್ಮ ಮಾವನವರದು. 1969ರ ಜಾವಾ 250, ಮೈಸೂರಿನ ಯಾದವಗಿರಿ ಫ್ಯಾಕ್ಟರಿಯದು. ನಂಬರ್ ಇನ್ನೂ ಎಂವೈ ಅಂತಲೇ ಶುರುವಾಗುತ್ತದೆ, ಅಂದರೆ ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬರುವ ಮೊದಲಿನದು. ಹದಿನಾರು ವರ್ಷ ಕೊಟ್ಟಿಗೆಯಲ್ಲಿ ಹುಲ್ಲಿನ ಪಕ್ಕ ನಿಂತಿತ್ತು. ಎಂಜಿನ್ ಕಥೆ ಜಾಸ್ತಿ ಹೇಳಲ್ಲ. ಸಿಲಿಂಡರ್ ಬೋರ್ ಮಾಡಿಸಿ ಒಂದು ಸೈಜು ದೊಡ್ಡ ಪಿಸ್ಟನ್ ಹಾಕಿದೆ. ಕ್ರ್ಯಾಂಕಿನ ಎರಡೂ ಆಯಿಲ್ ಸೀಲ್, ಪಾಯಿಂಟ್, ಕಂಡೆನ್ಸರ್ ಬದಲಾಯಿಸಿದೆ. ಹದಿನೆಂಟು ಸಾವಿರ ಚಿಲ್ಲರೆ ಹೋಯಿತು. ಎರಡನೇ ಕಿಕ್ಕಿಗೆ ಸ್ಟಾರ್ಟ್. ಆದರೆ ನಾಲ್ಕು ಕಿಲೋಮೀಟರ್ ಹೋದ ಮೇಲೆ ಸುಮ್ನೆ ನಿಂತುಬಿಡುತ್ತಿತ್ತು. ಕಾರ್ಬೊರೇಟರಿನ ಸಣ್ಣ ತೂತಿನ ಜೆಟ್ ಕಟ್ಟಿಕೊಂಡಿರುತ್ತಿತ್ತು. ಬಿಚ್ಚು, ಊದು, ಹಾಕು. ಮತ್ತೆ ನಾಲ್ಕು ಕಿಲೋಮೀಟರ್.

ಟಾರ್ಚ್ ಬಿಟ್ಟು ನೋಡಿದರೆ ಟ್ಯಾಂಕಿನ ಒಳಗೆ ಪದರ ಪದರ ತುಕ್ಕು. ಹೊಸದು ತಗೊಳ್ಳಿ ಅಂದರು ಎಲ್ಲರೂ. ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದೆ, ಹತ್ತು ಸಾವಿರದ ಹತ್ತಿರ ಹೇಳಿದರು. ದುಡ್ಡು ಒಂದು ಕಡೆ ಇರಲಿ, ನಮ್ಮ ಟ್ಯಾಂಕಿನ ಎರಡೂ ಕೆನ್ನೆಯ ಕ್ರೋಮ್ ಫ್ಯಾಕ್ಟರಿಯದೇ. ಈಗಿನ ಕ್ರೋಮ್ ಎರಡು ವರ್ಷಕ್ಕೇ ಕಜ್ಜಿ ಹತ್ತಿದ ಹಾಗೆ ಏಳುತ್ತದೆ, ಗೊತ್ತಲ್ವಾ? ಅದನ್ನು ಬಿಡಲು ಮನಸ್ಸು ಬರಲಿಲ್ಲ.

ಮೊದಲು ಬಾತ್‌ರೂಮ್ ತೊಳೆಯುವ ಆಸಿಡ್ ಸುರಿದೆ. ತುಕ್ಕೇನೋ ಅರ್ಧ ಗಂಟೆಯಲ್ಲಿ ಹೋಯಿತು. ತೊಳೆದು ಬಿಸಿಲಿಗಿಟ್ಟು ಊಟ ಮಾಡಿ ಬರುವಷ್ಟರಲ್ಲಿ ಒಳಗೆಲ್ಲ ಅರಿಶಿನ ಬಳಿದ ಹಾಗೆ ಹೊಸ ತುಕ್ಕು! ಬಾಯಿಂದ ಇಳಿದ ಒಂದು ಹನಿ ಕ್ರೋಮ್ ಮೇಲೆ ಹರಿದು ಬೆರಳುದ್ದ ಮಂಕು ಗೆರೆ ಉಳಿಸಿತು. ಆ ಗೆರೆ ಇವತ್ತಿಗೂ ಇದೆ.

ಆಮೇಲೆ ಒಬ್ಬರ ಮಾತು ಕೇಳಿ ತುಕ್ಕು ಬರದಿರಲಿ ಅಂತ ಒಳಗೆ ಎಪಾಕ್ಸಿ ಅನ್ನೋ ಅಂಟಿನ ಲೇಪ ಮಾಡಿಸಿದೆ. ಎರಡೂವರೆ ಸಾವಿರ. ನಾಲ್ಕು ತಿಂಗಳಿಗೆ ಅದು ದೋಸೆ ಎದ್ದ ಹಾಗೆ ಎದ್ದು ಪೆಟ್ರೋಲ್ ಟ್ಯಾಪಿಗೆ ಅಡ್ಡ ಕೂತಿತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇದೆ, ಅದರ ಜೊತೆ ಇಂಥ ಲೇಪ ಬಾಳುವುದು ಕಷ್ಟ. ಅದನ್ನು ಕೆರೆದು ತೆಗೆಯಲು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ಕರೆಂಟ್ ಹರಿಸಿ ತುಕ್ಕು ಬಿಡಿಸೋಣ ಅಂತ ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್, ಕಬ್ಬಿಣದ ಸರಳು ಇಟ್ಟೂ ನೋಡಿದೆ. ಸರಳಿನ ಎದುರಿಗಿದ್ದ ಜಾಗ ಚೊಕ್ಕವಾಯಿತು. ಫ್ರೇಮಿನ ಎರಡೂ ಕಡೆ ಇಳಿಯುವ ಮೂಲೆಗಳು ಹಾಗೇ ಉಳಿದವು.

ದಾರಿ ಸಿಕ್ಕಿದ್ದು ಅದೇ ಕೊಟ್ಟಿಗೆಯಲ್ಲಿ. ಹುಲ್ಲಿಗೆ ಬೆರೆಸಲು ಭಾಮೈದ ಹಳೇ ಕಬ್ಬಿಣದ ಬಕೆಟ್ಟಿನಲ್ಲಿ ಕಾಕಂಬಿ ನೀರು ಇಡುತ್ತಾನೆ. ಒಂದು ದಿನ ಬಕೆಟ್ ಬಗ್ಗಿಸಿದಾಗ ನೋಡಿದೆ. ನೀರು ನಿಲ್ಲುವ ಮಟ್ಟದವರೆಗೆ ತಗಡು ಬೂದು ಬಣ್ಣ, ಚೊಕ್ಕ. ಅದರ ಮೇಲೆ ಗೆರೆ ಎಳೆದ ಹಾಗೆ ತುಕ್ಕು. "ಅದು ಯಾವಾಗ್ಲೂ ಹಂಗೇ ಭಾವ" ಅಂದ ಅವನು.

ಮೊದಲ ಸಲ ಕೆಟ್ಟಿತು. ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅಂತ ಒಂದು ಪಾಲು ಕಾಕಂಬಿಗೆ ಮೂರೇ ಪಾಲು ನೀರು ಬೆರೆಸಿದೆ. ಅದೂ ಡಿಸೆಂಬರ್ ಚಳಿಯಲ್ಲಿ. ಹತ್ತು ದಿನಕ್ಕೂ ಏನೂ ಆಗಲಿಲ್ಲ. ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್‌ನ ಹಳೇ ಜಿಡ್ಡು ತುಕ್ಕಿನ ಮೇಲೆ ಅಂಟಿಕೊಂಡು ಕೂತಿತ್ತು, ಕಾಕಂಬಿ ಒಳಗೆ ಇಳಿಯುವುದು ಹೇಗೆ? ಜಿಡ್ಡು ಬಿಡಿಸಲು ಬಿಸಿನೀರಿಗೆ ಏನು ಹಾಕಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅಡುಗೆಮನೆಯ ಸಾಮಾನೇ ಅಂತ ಮಾತ್ರ ಹೇಳುತ್ತೇನೆ.

ಎರಡನೇ ಸಲ ಏಪ್ರಿಲ್‌ನಲ್ಲಿ. ಜಿಡ್ಡು ತೆಗೆದು, ನಲವತ್ತು ನಟ್ಟು ಎಣಿಸಿ ಒಳಗೆ ಹಾಕಿ, ಚೆನ್ನಾಗಿ ಕುಲುಕಿ ಸಡಿಲ ತುಕ್ಕನ್ನು ಸುರಿದೆ. ಟ್ಯಾಪಿನ ತೂತಿಗೆ ಸೈಕಲ್ ಟ್ಯೂಬಿನ ವಾಷರ್ ಇಟ್ಟು ಬೋಲ್ಟ್ ಬಿಗಿದೆ. ಒಂದೂವರೆ ಲೀಟರ್ ಕಾಕಂಬಿ, ಮಿಕ್ಕಿದ್ದೆಲ್ಲ ನೀರು. ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟೆ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಹುಳಿ ಬಂದು ಗಾಳಿ ತುಂಬುತ್ತದೆ. ನಾಲ್ಕನೇ ದಿನ ನೊರೆ ಉಕ್ಕಿತು. ಬೀದಿಯ ಇರುವೆಗಳೆಲ್ಲ ನಮ್ಮ ಮಾಳಿಗೆಯಲ್ಲಿ. ಕೊನೆಗೆ ಟಬ್ಬಿನಲ್ಲಿ ನೀರು ತುಂಬಿ, ಇಟ್ಟಿಗೆ ಇಟ್ಟು, ಅದರ ಮೇಲೆ ಟ್ಯಾಂಕ್ ಕೂರಿಸಿದೆ. ವಾಸನೆಗೆ ಪಕ್ಕದ ಮನೆಯವರು ಒಂದು ಸಂಜೆ ಬಂದು, "ಏನ್ರೀ, ಹೆಂಡ ಇಳಿಸ್ತಿದ್ದೀರಾ?" ಅಂತ ಕೇಳಿಯೇಬಿಟ್ಟರು.

ಈ ಸಂಭ್ರಮದಲ್ಲಿ ಪೆಟ್ರೋಲ್ ಟ್ಯಾಪನ್ನೂ ಒಂದು ಡಬ್ಬಿ ಕಾಕಂಬಿಯಲ್ಲಿ ಮುಳುಗಿಸಿದ್ದೆ. ವಾರದ ಮೇಲೆ ತೆಗೆದರೆ ಹುಳು ತಿಂದ ಹಲ್ಲಿನ ಹಾಗೆ ಗುಳಿ ಗುಳಿ. ಅಲ್ಯೂಮಿನಿಯಂ ಜಾತಿಯದನ್ನು ಯಾವುದನ್ನೂ ಇದಕ್ಕೆ ತೋರಿಸಬೇಡಿ. ನಾನೂರೈವತ್ತು ದಂಡ. ಸೈಲೆನ್ಸರಿನ ಒಳಕೊಳವೆಗಳನ್ನು ಮಾತ್ರ ಮಾವನವರ ಕಾಲದ ಹಾಗೇ ಬಚ್ಚಲೊಲೆಯಲ್ಲಿ ಸುಟ್ಟು ಕರಿ ಉದುರಿಸಿದೆ. ಅದಕ್ಕಿಂತ ಒಳ್ಳೆ ಉಪಾಯ ನನಗಂತೂ ಸಿಕ್ಕಿಲ್ಲ.

ಇಪ್ಪತ್ತೆರಡನೇ ದಿನವೋ ಇಪ್ಪತ್ಮೂರೋ, ಸುರಿದೆ. ಕಪ್ಪು ಕಷಾಯ. ಪೈಪು ಬಿಟ್ಟು ತೊಳೆದು ಟಾರ್ಚ್ ಹಾಕಿದರೆ ಮೂಲೆ ಮೂಲೆಯೂ ಬೂದು ಲೋಹ. ಇಲ್ಲಿ ತಡ ಮಾಡಿದರೆ ಆಸಿಡ್ ಕಥೆಯೇ. ಸೋಡಾ ನೀರಲ್ಲಿ ಒಂದು ಸಲ ಅಲುಗಿಸಿ, ಚೆಲ್ಲಿ, ಸ್ಪಿರಿಟ್ ಹಾಕಿ ನೀರಿನ ಪಸೆ ತೆಗೆದು, ಮಗಳ ಹೇರ್ ಡ್ರೈಯರ್ ಅರ್ಧ ಗಂಟೆ ಹಿಡಿದೆ. ತಕ್ಷಣ ಜಾಸ್ತಿ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಎಲ್ಲ ಕಡೆ ಹೊರಳಿಸಿದೆ. ಹೇರ್ ಡ್ರೈಯರ್ ಸುಟ್ಟುಹೋಯಿತು. ಅದರ ದುಡ್ಡೂ ಸೇರಿಸಿದರೆ ಕಾಕಂಬಿ ಕೆಲಸಕ್ಕೆ ಖರ್ಚು ಸಾವಿರದ ಐನೂರರ ಒಳಗೆ.

ಜುಲೈ ಎರಡನೇ ಭಾನುವಾರ, ಜಾವಾ ಗಾಡಿಯವರೆಲ್ಲ ಸೇರುವ ಜಾವಾ ದಿನಕ್ಕೆ ಅದೇ ಗಾಡಿಯಲ್ಲಿ ಹೋದೆ. ಒಂದು ಕಡೆಯೂ ನಿಲ್ಲಲಿಲ್ಲ. ನಕ್ಕಿದ್ದ ಮೆಕ್ಯಾನಿಕ್ ಮುಚ್ಚಳ ತೆಗೆದು, ಬೆರಳು ಹಾಕಿ ಸವರಿ, ಬೆರಳು ನೋಡಿಕೊಂಡರು. ಮುಂದಿನ ವಾರ ಫೋನ್ ಮಾಡಿ, "ಸಾರ್, ನಿಮ್ಮ ಭಾಮೈದನ ಹತ್ರ ಒಂದು ಕ್ಯಾನ್ ಸಿಗುತ್ತಾ?" ಅಂದರು.

ನಟ್ಟುಗಳ ಲೆಕ್ಕ ಹೇಳಲಿಲ್ಲ ಅಲ್ವಾ? ಹೊರಗೆ ಬಂದಿದ್ದು ಮೂವತ್ತೊಂಬತ್ತು. ಆಯಸ್ಕಾಂತ ಇಳಿಸಿದೆ, ತಲೆಕೆಳಗು ಮಾಡಿ ಒದ್ದಿದ್ದೂ ಆಯಿತು. ಉಬ್ಬು ದಾಟುವಾಗಲೆಲ್ಲ ಅದು ಒಳಗೆ ಟಣ್ ಅನ್ನುತ್ತದೆ.